ವ್ಯಾಸರ ಫೈಲು ಇನ್ನೂ ಟೇಬಲ್ ಮೇಲಿದೆ

2019ರ ಜನವರಿ. ಜಲಂಧರ್‌ನಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 106ನೇ ಅಧಿವೇಶನ. ಆಂಧ್ರ ವಿಶ್ವವಿದ್ಯಾಲಯದ ಆಗಿನ ಕುಲಪತಿಗಳು ಮೈಕ್ ಹಿಡಿದು, ಗಾಂಧಾರಿಗೆ ನೂರು ಮಕ್ಕಳಾಗಿದ್ದು ಸ್ಟೆಮ್ ಸೆಲ್ ಮತ್ತು ಟೆಸ್ಟ್ ಟ್ಯೂಬ್ ತಂತ್ರಜ್ಞಾನದಿಂದ ಅಂದರು. ಅವರು ಓದಿದ್ದು ರಸಾಯನಶಾಸ್ತ್ರ. ಹರಿಕಥೆ ದಾಸರಾಗಿದ್ದರೆ ಇಷ್ಟು ಧೈರ್ಯ ಮಾಡುತ್ತಿರಲಿಲ್ಲ ಬಿಡಿ, ಮುಂದೆ ಕೂತ ಅಜ್ಜಿಯರು ಸುಮ್ನೆ ಬಿಡುವವರಲ್ಲ.

ಎಲ್ಲರೂ ನಕ್ಕರು. ನನಗೆ ಮಾತ್ರ ಒಂದೇ ಅನುಮಾನ. ಆ ಪ್ರಯೋಗಕ್ಕೆ ದುಡ್ಡು ಕೊಟ್ಟವರು ಯಾರು?

ನೀವೇ ಲೆಕ್ಕ ಹಾಕಿ. ಗಾಂಧಾರಿ ಹೆತ್ತ ಮಾಂಸದ ಮುದ್ದೆಗೆ ತಣ್ಣೀರು ಚಿಮುಕಿಸಿ, ಹೆಬ್ಬೆರಳಿನಷ್ಟು ತುಂಡು ಮಾಡಿ, ತುಪ್ಪ ತುಂಬಿದ ಮಡಕೆಗಳಲ್ಲಿಟ್ಟು ಎರಡು ವರ್ಷ ಕಾಯಬೇಕು. ಇದನ್ನೆಲ್ಲ ಮಾಡಿಸಿದ ವ್ಯಾಸರು ಇವತ್ತು ಇದಕ್ಕೆ ಗ್ರಾಂಟ್ ಕೇಳಿದರೆ?

ಮೊದಲು ಮಡಕೆ. ಕುಂಬಾರರ ಬೀದಿಗೆ ಹೋಗಿ ತರುವ ಹಾಗಿಲ್ಲ. ಸರಕಾರಿ ಖರೀದಿಗೆಂದೇ ಇರುವ ಜೆಮ್ ಪೋರ್ಟಲ್‌ನಲ್ಲೇ ಹುಡುಕಬೇಕು. ಯಾರ ರೇಟು ಕಡಿಮೆಯೋ ಅವರದ್ದೇ ಮಡಕೆ. ಸೋರುತ್ತಾ? ಸೋರಲಿ, ಎಲ್-ಒನ್, ಅಂದರೆ ಎಲ್ಲಕ್ಕಿಂತ ಕಡಿಮೆ ರೇಟು ತಾನೇ. (2025ರ ಜೂನ್‌ನಲ್ಲಿ ವಿಜ್ಞಾನ ಸಂಸ್ಥೆಗಳಿಗೆ ಈ ನಿಯಮ ಸಡಿಲಿಸಿದರು. ದ್ವಾಪರ ಯುಗಕ್ಕೂ ಅನ್ವಯಿಸುತ್ತಾ ಅಂತ ಕೇಳಬೇಕು.) ಲ್ಯಾಬ್ ಸಾಮಾನಿಗೆ ಶೇ 5ರ ರಿಯಾಯಿತಿ ಜಿಎಸ್‌ಟಿ ಇತ್ತು. 2022ರ ಜುಲೈನಲ್ಲಿ ಅದನ್ನೂ ತೆಗೆದರು, ಬಹಳಷ್ಟು ಸಾಮಾನಿಗೆ ಶೇ 18 ಆಯಿತು. ಬಲಗೈಯಲ್ಲಿ ಕೊಟ್ಟಿದ್ದನ್ನು ಎಡಗೈಯಲ್ಲಿ ಎಣಿಸಿ ವಾಪಸ್ ಇಸ್ಕೊಳ್ಳೋದು.

ಆಮೇಲೆ ತುಪ್ಪ. ಆಡಿಟರ್ ಕೇಳ್ತಾರೆ: 'ಇದು ಎಕ್ವಿಪ್‌ಮೆಂಟೋ, ಕನ್ಸ್ಯೂಮಬಲ್ಲೋ?' ಕನ್ಸ್ಯೂಮಬಲ್ ಅಂದರೆ, 'ಕನ್ಸ್ಯೂಮ್ ಮಾಡಿದ್ದು ಯಾರು?'

ಮಡಕೆ ಕಾಯೋಕೆ ಒಬ್ಬ ಪಿಎಚ್‌ಡಿ ಹುಡುಗ ಬೇಕಲ್ಲ. ಅಂಥವನೊಬ್ಬ ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ. ಭಾನುವಾರವೂ ಬೆಳಗ್ಗೆ ಆರಕ್ಕೇ ಸ್ಕೂಟರ್ ಒದೆಯುತ್ತಿದ್ದ. ಎಲ್ಲಿಗಪ್ಪಾ ಅಂದರೆ, 'ಸೆಲ್ಸ್‌ಗೆ ಊಟ ಹಾಕಬೇಕು ಅಂಕಲ್.' ದಿನ ಬಿಟ್ಟು ದಿನ ಆ ಕೋಶಗಳ ಕೆಂಪು ದ್ರವ ಬದಲಿಸದಿದ್ದರೆ ಸತ್ತೇ ಹೋಗ್ತವಂತೆ. ಹುಡುಗನ ಊಟ? ಕಾಗದದ ಮೇಲೆ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ಪು ತಿಂಗಳಿಗೆ 37,000 ರೂಪಾಯಿ, 2023ರ ಜನವರಿಯಿಂದ. ಕೈಗೆ ಐದು ತಿಂಗಳಿಂದ ಬಂದಿರಲಿಲ್ಲ. ಬಾಡಿಗೆ ಕೇಳೋಕೆ ಮೆಟ್ಟಿಲು ಹತ್ತಿದ ನಾನೇ ಉಪ್ಪಿಟ್ಟು ಕೊಟ್ಟು ಬಂದೆ. ದೇಶದ ವಿಜ್ಞಾನಕ್ಕೆ ಖಾಸಗಿ ಹೂಡಿಕೆ ಅಂದರೆ ಇದೇ ಅಲ್ವಾ?

ಖಾಸಗಿ ಅಂದಾಗ ನೆನಪಾಯಿತು. ಕೇಂದ್ರ ಸರಕಾರದ ಹೊಸ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ಅಂತ 2023ರಲ್ಲಿ ಡಂಗುರ ಸಾರಿದರು. ಅದರಲ್ಲಿ 36,000 ಕೋಟಿ ಹೊರಗಿನವರಿಂದ ಬರಬೇಕು! ಮದುವೆಗೆ ಐದು ಸಾವಿರ ಜನರನ್ನು ಕರೆದು, ಅಕ್ಕಿ ಬೀಗರು ತರ್ತಾರೆ ಅಂದ ಹಾಗೆ. ಅತ್ತ ಕ್ಯಾಲಿಫೋರ್ನಿಯಾ ಅನ್ನೋ ಒಂದೇ ರಾಜ್ಯದ ಮತದಾರರು ಸ್ಟೆಮ್ ಸೆಲ್ ಸಂಶೋಧನೆಗೆಂದೇ 2004ರಲ್ಲಿ 300 ಕೋಟಿ ಡಾಲರ್, 2020ರಲ್ಲಿ ಇನ್ನೊಂದು 550 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಒತ್ತಿದರು. ಪಾಪ, ಅವರಿಗೆ ತುಪ್ಪದ ಟೆಕ್ನಾಲಜಿ ಗೊತ್ತಿಲ್ಲ. ನಾವು ಎಲ್ಲ ಸಂಶೋಧನೆಗೂ ಸೇರಿಸಿ ಜಿಡಿಪಿಯ ಶೇ 0.64ರಲ್ಲೇ ಸುಧಾರಿಸುತ್ತೇವೆ. ಮಿಕ್ಕಿದ್ದು ಪೂರ್ವಜರು ಮಾಡಿಟ್ಟಿದ್ದಾರಲ್ಲ.

ಮಕ್ಕಳಿಗೂ ಹೊರೆ ಇಳಿಸಿದ್ದೇವೆ. ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸಿನ ಪುಸ್ತಕದಿಂದ ವಿಕಾಸವಾದ ಹೋಯಿತು. 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಮೇಷ್ಟ್ರುಗಳು 2023ರಲ್ಲಿ ಸಹಿ ಹಾಕಿ, ಬೇಡ ಕಣ್ರಯ್ಯಾ ಅಂದರು. ಡಾರ್ವಿನ್ ಭಾರ. ಮಡಕೆಗಳು ಹಗುರ.

ಇನ್ನು ವ್ಯಾಸರ ಕಥೆ. ಎರಡನೇ ವರ್ಷದ ಕಂತು ಮಾರ್ಚ್ 29ಕ್ಕೆ ಖಾತೆಗೆ ಬಿತ್ತು, 31ರೊಳಗೆ ಖರ್ಚು ಮಾಡಬೇಕಂತೆ. ಮುನಿಗಳು ರಾತ್ರೋರಾತ್ರಿ ತುಪ್ಪ ಕೊಂಡು, ದುಡ್ಡು ಖರ್ಚಾಯಿತು ಅನ್ನೋ ಯುಟಿಲೈಸೇಶನ್ ಸರ್ಟಿಫಿಕೇಟಿಗೆ ಸಹಿ ಹಾಕಿ ಕಳಿಸಿದರು. ಹದಿನೈದು ದಿನಕ್ಕೆ ಫೈಲು ವಾಪಸ್. ಮೇಲೆ ಹಸಿರು ಶಾಯಿಯಲ್ಲಿ ಒಂದು ಸಾಲು:

'ಮಂಜೂರಾಗಿದ್ದು ನೂರು ಮಡಕೆ. ಬಿಲ್ಲಿನಲ್ಲಿ ನೂರಾ ಒಂದಿದೆ. ದುಶ್ಶಲೆ ಯಾರು, ವಿವರಣೆ ಕೊಡಿ.'