ಎರಡು ಬುಟ್ಟಿಯ ಜಾಗ

ಹೈಸ್ಕೂಲಿನ ದಿನಗಳಿಂದಲೂ ನನಗೆ ‘ಸಂಘ’ ಅಂದರೆ ಸಾಲ. ಹಾಸನದ ನಮ್ಮ ಮನೆಯಲ್ಲಿ ಅಮ್ಮ ‘ಇವತ್ತು ಸಂಘ ಇದೆ’ ಅಂದರೆ ಕಂತು ಕಟ್ಟುವ ದಿನ ಎಂದೇ ಲೆಕ್ಕ. ಪಕ್ಕದ ಮನೆ ಜಗುಲಿಯಲ್ಲಿ ಹದಿನೈದು ಹೆಂಗಸರು ಚಾಪೆ ಹಾಸಿಕೊಂಡು ಕೂರುತ್ತಿದ್ದರು. ದುಡ್ಡು ಸ್ಟೀಲ್ ಡಬ್ಬಿಗೆ, ಲೆಕ್ಕ ಉದ್ದನೆಯ ಪುಸ್ತಕಕ್ಕೆ. ಅಕ್ಷರ ಚೆನ್ನಾಗಿದೆ ಅಂತ ಎಷ್ಟೋ ಸಲ ನನ್ನನ್ನೇ ಬರೆಯಲು ಕೂರಿಸುತ್ತಿದ್ದರು. ಯಾರಾದರೂ ಒಬ್ಬರು ಕಂತು ತರದಿದ್ದರೆ ಸಾಕು, ಉಳಿದವರೆಲ್ಲ ಅವರ ಮುಖ ನೋಡದೆ ತಮ್ಮ ಸೆರಗಿನ ಅಂಚು ನೋಡುತ್ತ ಕೂತುಬಿಡುತ್ತಿದ್ದರು. ಬೈಗುಳಕ್ಕಿಂತ ಜಾಸ್ತಿ ಹೆದರಿಕೆ ಆಗುತ್ತಿದ್ದದ್ದು ಆ ಮೌನಕ್ಕೆ.

ಅಹಮದಾಬಾದಿಗೆ ಬಂದು ಹನ್ನೊಂದು ವರ್ಷ ಆಯ್ತು. ಔಷಧಿ ಕಂಪನಿಯಲ್ಲಿ ಕೆಲಸ. ಸಂಘಕ್ಕೆ ಇನ್ನೊಂದು ಅರ್ಥವೂ ಇದೆ ಅಂತ ಇಲ್ಲಿ ನನಗೆ ಕಲಿಸಿದ್ದು ಬದನೆಕಾಯಿ ಮಾರುವ ಒಬ್ಬ ಹೆಂಗಸು. ಬಂದ ಹೊಸತು. ಮಾಣೆಕ್ ಚೌಕದ ಹತ್ತಿರ ತರಕಾರಿ ತೂಗಿಸುತ್ತಿದ್ದೆ. ಬೈಕಿನಲ್ಲಿ ಬಂದವನೊಬ್ಬ ಬುಟ್ಟಿ ಸರಿಸು, ಗಾಡಿ ನಿಲ್ಲಿಸಬೇಕು ಅಂದ. ಆಕೆ ತಕ್ಕಡಿ ಕೆಳಗಿಡಲೂ ಇಲ್ಲ. ಸೊಂಟದ ಚೀಲದಿಂದ ಒಂದು ಗುರುತಿನ ಚೀಟಿ ತೆಗೆದು ಅವನ ಮುಂದೆ ಹಿಡಿದಳು. ಹಿಂದಿನ ಮೂರು ಬುಟ್ಟಿಗಳವರು ಸುಮ್ನೆ ಎದ್ದು ನಿಂತರು, ಅಷ್ಟೇ. ಬೈಕ್ ಮುಂದೆ ಹೋಯಿತು. ನನ್ನ ಬದನೆಕಾಯಿ ಅರ್ಧ ಕೆಜಿಗೆ ಸರಿಯಾಗಿ ತೂಗಿತು.

ಆ ಚೀಟಿ ‘ಸೇವಾ’ ಸಂಘಟನೆಯದು. ಸ್ವಂತ ದುಡಿಮೆ ಮಾಡುವ ಹೆಂಗಸರ ಕಾರ್ಮಿಕ ಸಂಘ. 1972ರಲ್ಲಿ ಇಳಾ ಭಟ್ ಇದೇ ಊರಿನಲ್ಲಿ ಕಟ್ಟಿದ್ದು. ಅದಕ್ಕೆ ಮುಂಚೆ ಅವರು ಜವಳಿ ಗಿರಣಿ ಕಾರ್ಮಿಕರ ‘ಮಜೂರ್ ಮಹಾಜನ’ ಸಂಘದ ಮಹಿಳಾ ವಿಭಾಗದಲ್ಲಿದ್ದ ವಕೀಲೆ. ಆ ಸಂಘ ಹುಟ್ಟಿದ್ದು 1920ರಲ್ಲಿ, ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿ ಅವರಿಂದ. ಅನಸೂಯಾ ಗಿರಣಿ ಮಾಲೀಕರ ಮನೆಯ ಹೆಣ್ಣುಮಗಳು, ನಿಂತಿದ್ದು ಮಾತ್ರ ಕೂಲಿಯವರ ಕಡೆ. ಇಳಾಬೆನ್ (ಬೆನ್ ಅಂದರೆ ಇಲ್ಲಿ ಅಕ್ಕ) ಹತ್ತಿರ ಮೊದಲು ಬಂದವರು ಬಟ್ಟೆ ಮಾರುಕಟ್ಟೆಯಲ್ಲಿ ತಲೆ ಮೇಲೆ ಮೂಟೆ ಹೊರುವ ಹೆಂಗಸರು. ಅವರಿಗೆ ಸಿಗುತ್ತಿದ್ದ ಕೂಲಿ ಎಷ್ಟು ಕಡಿಮೆ ಅಂತ ಇಳಾಬೆನ್ ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳು ಸಿಟ್ಟಾಗಿ, ಇಲ್ಲ, ನಾವು ಸರಿಯಾಗೇ ಕೊಡುತ್ತಿದ್ದೇವೆ ಅಂತ ಅದೇ ಪತ್ರಿಕೆಗೆ ಉತ್ತರ ಬರೆದರು. ಇಳಾಬೆನ್ ಆ ಉತ್ತರವನ್ನೇ ಚೀಟಿಗಳಾಗಿ ಅಚ್ಚು ಹಾಕಿಸಿ ಮೂಟೆ ಹೊರುವವರ ಕೈಗೆ ಕೊಟ್ಟರು. ನೀವೇ ಬರೆದಿದ್ದೀರಲ್ಲ, ಅಷ್ಟು ಕೊಡಿ! ನನಗಂತೂ ಈ ಕತೆ ಎಷ್ಟು ಸಲ ಕೇಳಿದರೂ ಖುಷಿ.

ಹೆಸರು ನೋಂದಾಯಿಸಲು ಹೋದಾಗ ಅಧಿಕಾರಿಗಳು ಒಪ್ಪಲಿಲ್ಲ. ಮಾಲೀಕನೇ ಇಲ್ಲದ ಮೇಲೆ ಕಾರ್ಮಿಕ ಸಂಘ ಹೇಗೆ, ನೀವು ಜಗಳ ಆಡುವುದು ಯಾರ ಮೇಲೆ ಅಂದರು. ಸಂಘ ಇರುವುದು ಜಗಳಕ್ಕಲ್ಲ, ಕೆಲಸಗಾರರು ಒಟ್ಟಿಗೆ ಇರುವುದಕ್ಕೆ ಎಂದು ಇವರು ವಾದ ಮಾಡಿ ಗೆದ್ದರು. 1974ರಲ್ಲಿ ಬ್ಯಾಂಕು. ನಾಲ್ಕು ಸಾವಿರ ಹೆಂಗಸರು ತಲಾ 10 ರೂಪಾಯಿ ಹಾಕಿ ಕಟ್ಟಿದ ಬ್ಯಾಂಕು. ಸಹಿ ಬಾರದವರಿಗೆ ಬ್ಯಾಂಕ್ ಹೇಗೆ ಅಂದಾಗ, ಮುಂದಾಳುಗಳು ರಾತ್ರಿಯೆಲ್ಲ ಕೂತು ತಮ್ಮ ಹೆಸರು ಬರೆಯುವುದು ಕಲಿತರು. ಇವತ್ತು ಈ ಸಂಘದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಇಳಾಬೆನ್ 2022ರ ನವೆಂಬರ್‌ನಲ್ಲಿ ತೀರಿಕೊಂಡರು.

ಬೀದಿ ವ್ಯಾಪಾರದ ಹೆಂಗಸರು ಕೇಳಿದ್ದು ದೊಡ್ಡ ಮಾತೇನೂ ಅಲ್ಲ. ಎರಡು ಬುಟ್ಟಿ ಇಡುವಷ್ಟು ಜಾಗ. ಅದಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೂ ಹೋದರು.

ಇಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಸಂಘದ ಮುಂದಾಳನ್ನು ‘ಆಗೇವಾನ್’ ಅನ್ನುತ್ತಾರೆ, ಮುಂದೆ ನಡೆಯುವವಳು. ಬೀಡಿ ಕಟ್ಟುವವರ ಆಗೇವಾನ್ ತಾನೂ ಬೀಡಿ ಕಟ್ಟುವವಳೇ. ಚಿಂದಿ ಆಯುವವರ ಆಗೇವಾನ್ ತಾನೂ ಚಿಂದಿ ಆಯುವವಳೇ. ಎಲ್ಲರೂ ಬೆನ್. ಸಾಹೇಬರ ಹೆಂಡತಿಯೂ ಬೆನ್, ಸೊಪ್ಪು ಮಾರುವವಳೂ ಬೆನ್. (ಹೊಟ್ಟೆ ತುಂಬ ಬೈಯುವಾಗಲೂ ಕೊನೆಗೊಂದು ಬೆನ್ ಸೇರಿಸುತ್ತಾರೆ, ಅದು ಬೇರೆ ಮಾತು.)

ನಮ್ಮ ಹಾಸನದಲ್ಲಿ ಮುಂದಾಳು ಹೆಂಗಸು ಅಂದರೆ ಯಾರು? ವೇದಿಕೆ ಮೇಲಿನ ಎರಡನೇ ಸಾಲಿನ ಕುರ್ಚಿ, ಹೆಗಲಿಗೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಮಹಿಳಾ ದಿನಾಚರಣೆಗೆ ರಂಗೋಲಿ ಸ್ಪರ್ಧೆಯ ತೀರ್ಪುಗಾರರು. ‘ಮೇಡಂ’. ನಾನು ತಮಾಷೆ ಮಾಡುತ್ತಿಲ್ಲ, ಊರಿಗೆ ಹೋದಾಗೆಲ್ಲ ನೋಡುತ್ತೇನೆ.

ಹಾಗಂತ ನಮ್ಮೂರಿಗೆ ಗಟ್ಟಿ ಹೆಂಗಸರ ಬರಗಾಲ ಇಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ಹಾಸನದ ವಕೀಲೆ ಬಾನು ಮುಷ್ತಾಕ್ ಅವರಿಗೆ. ಹಿಂದೆ ನಗರಸಭೆ ಸದಸ್ಯೆಯೂ ಆಗಿದ್ದವರು. ಮಸೀದಿಗೆ ಹೆಂಗಸರಿಗೂ ಪ್ರವೇಶ ಇರಲಿ ಎಂದಿದ್ದಕ್ಕೆ 2000ದಲ್ಲಿ ಅವರಿಗೆ ಸಾಮಾಜಿಕ ಬಹಿಷ್ಕಾರ ಹಾಕಿದ್ದರು. ಅದೇ ಊರಿನಲ್ಲೇ ಉಳಿದು, ಅದೇ ಕೋರ್ಟಿಗೆ ಹೋಗುತ್ತ, ಬರೆಯುತ್ತ ಇದ್ದರು. ಪ್ರಶಸ್ತಿಯ ಸುದ್ದಿ ಬಂದ ದಿನ ನಾನು ಆಫೀಸಿನಲ್ಲಿ ಎಲ್ಲರಿಗೂ ಸಿಹಿ ಹಂಚಿದೆ. ನಮ್ಮೂರಿನವರು ಅಂತ ಹೇಳುವಾಗ ಸ್ವಲ್ಪ ಜಾಸ್ತಿಯೇ ಜಂಬ ಮಾಡಿದೆ ಅನಿಸುತ್ತೆ. ಜಿಲ್ಲಾಧಿಕಾರಿ ಕುರ್ಚಿಯಲ್ಲೂ ಹೆಂಗಸರು ಕೂತಿದ್ದಾರೆ: ರೋಹಿಣಿ ಸಿಂಧೂರಿ, ಸಿ. ಸತ್ಯಭಾಮ, ಈಚೆಗೆ ಕೆ.ಎಸ್. ಲತಾಕುಮಾರಿ. ಸ್ತ್ರೀಶಕ್ತಿ ಸಂಘಗಳು ಶುರುವಾದದ್ದು 2000–01ರಲ್ಲಿ. ಆಗ ಮಹಿಳಾ ಮತ್ತು ಮಕ್ಕಳ ಇಲಾಖೆಯ ಮಂತ್ರಿ ನಮ್ಮ ಪಕ್ಕದ ಮೂಡಿಗೆರೆಯ ಮೋಟಮ್ಮ. ಅಂದರೆ ನಮ್ಮಮ್ಮನ ಸ್ಟೀಲ್ ಡಬ್ಬಿಗೂ ಮಲೆನಾಡಿನ ಒಬ್ಬ ಹೆಣ್ಣುಮಗಳಿಗೂ ನಂಟು ಇದೆ.

ಆ ಡಬ್ಬಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ನನ್ನ ಕಾಲೇಜಿನ ಮೊದಲ ಫೀಸು ಅದರಿಂದಲೇ ಹೋಗಿದ್ದು. ಆದರೆ ಇಪ್ಪತ್ತೈದು ವರ್ಷ ಆದಮೇಲೂ ಸಂಘ ಅಂದರೆ ಸಾಲ ಅಂತಲೇ ಉಳಿದಿದೆ, ನನ್ನ ತಕರಾರು ಅದು. ಒಬ್ಬರೇ ನಾಲ್ಕು ಕಡೆ ಸಾಲ ತಗೊಂಡು, ಇದರ ಕಂತಿಗೆ ಅದರಿಂದ ತಂದು, ಕೊನೆಗೆ ಬಾಗಿಲಿಗೆ ಬಂದವರಿಗೆ ಹೆದರಿ ಊರು ಬಿಟ್ಟವರ ಸುದ್ದಿ ರಾಜ್ಯದ ತುಂಬ ಬಂತು. 2025ರ ಫೆಬ್ರವರಿಯಲ್ಲಿ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳಕ್ಕೆ ಸುಗ್ರೀವಾಜ್ಞೆ ತರಬೇಕಾಯಿತು, ಹತ್ತು ವರ್ಷದವರೆಗೆ ಜೈಲು. ಹದಿನೈದು ಜನ ಒಟ್ಟಿಗೆ ಕೂರುತ್ತಾರೆ, ಆದರೆ ಕೂಲಿ ಎಷ್ಟು, ರಜಾ ಉಂಟೋ ಇಲ್ಲವೋ, ಕೂರುವ ಜಾಗದಿಂದ ಯಾರು ಎಬ್ಬಿಸಿದರು ಅನ್ನುವ ಮಾತು ಅಲ್ಲಿ ಬರುವುದೇ ಇಲ್ಲ. ಆ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಬರೆದವನು ನಾನೇ, ನನಗೆ ಗೊತ್ತು.

2024ರ ಬೇಸಿಗೆಯಲ್ಲಿ ಹಾಸನದ ಹೆಸರು ದೇಶದ ಟಿವಿಗಳಲ್ಲೆಲ್ಲ ಬಂತು. ನಮ್ಮ ಆಗಿನ ಸಂಸದರ ಮೇಲೆ ಬಂದ ಲೈಂಗಿಕ ದೌರ್ಜನ್ಯದ ಆರೋಪಗಳ ಕಾರಣಕ್ಕೆ. ‘ನೀನು ಅದೇ ಹಾಸನದವನಾ?’ ಅಂತ ಇಲ್ಲಿ ಕ್ಯಾಂಟೀನಿನಲ್ಲಿ ಕೇಳಿದಾಗ ಟೀ ಲೋಟ ನೋಡುತ್ತ ಕೂತಿದ್ದೆ, ಥೇಟ್ ಆ ಜಗುಲಿಯ ಹೆಂಗಸರ ಹಾಗೆ. ಮೇ 30ರಂದು ನಾಡಿನ ಬೇರೆಬೇರೆ ಕಡೆಯಿಂದ ಸಾವಿರಾರು ಜನ ಹಾಸನಕ್ಕೆ ಬಂದು ಮೆರವಣಿಗೆ ನಡೆಸಿದರು, ಸಂತ್ರಸ್ತ ಹೆಂಗಸರ ಪರ. ಮುಂದೆ ಒಂದು ಪ್ರಕರಣದಲ್ಲಿ, 2025ರ ಆಗಸ್ಟ್‌ನಲ್ಲಿ, ಜೀವಾವಧಿ ಶಿಕ್ಷೆಯಾಯಿತು. ದೂರು ಕೊಟ್ಟಿದ್ದವರು ಮನೆಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು. ಅವರನ್ನು ಯಾವ ವೇದಿಕೆಗೂ ಕರೆದು ಶಾಲು ಹೊದಿಸಲು ಆಗುವುದಿಲ್ಲ, ಹೆಸರು ಹೇಳುವ ಹಾಗೂ ಇಲ್ಲ. ಆದರೆ ಈ ಹತ್ತು ವರ್ಷದಲ್ಲಿ ನಮ್ಮ ಜಿಲ್ಲೆಯನ್ನು ಅಲ್ಲಾಡಿಸಿದ ಹೆಂಗಸು ಯಾರು ಅಂದರೆ ನಾನು ಅವರನ್ನೇ ಹೇಳುತ್ತೇನೆ. ನಮ್ಮ ಊರುಗಳಲ್ಲಿ ಮನೆಕೆಲಸದವರಿಗೆ ಅಂತ ಒಂದು ಸಂಘ ಇದ್ದಿದ್ದರೆ, ಕಷ್ಟ ಹೇಳಿಕೊಳ್ಳಲು ಹಿಂದಿನ ಬುಟ್ಟಿಯ ಮೂವರು ಎದ್ದು ನಿಲ್ಲುವ ಹಾಗಿದ್ದಿದ್ದರೆ, ಎಷ್ಟು ವರ್ಷ ಮುಂಚೆ ಬಾಯಿ ಬಿಡುತ್ತಿದ್ದರೋ.

ಗುಜರಾತನ್ನು ತಲೆ ಮೇಲೆ ಹೊತ್ತು ಮೆರೆಸುವ ಆಸೆ ನನಗಿಲ್ಲ. ಇಲ್ಲೂ ಹಳ್ಳಿ ಕಡೆ ಗೆದ್ದ ಹೆಂಗಸಿನ ಬದಲು ಗಂಡ ಕುರ್ಚಿಯಲ್ಲಿ ಕೂರುವುದುಂಟು, ‘ಸರಪಂಚ್ ಪತಿ’ ಅಂತ ಅದಕ್ಕೊಂದು ಹೆಸರೇ ಇದೆ. ಪಂಚಾಯಿತಿಯಲ್ಲಿ ಹೆಂಗಸರಿಗೆ ಜಾಗ ಕೊಡುವುದರಲ್ಲಿ ನಾವು ದೇಶಕ್ಕಿಂತ ಮುಂದಿದ್ದೆವು. ನಮ್ಮ 1983ರ ಕಾಯ್ದೆಯಲ್ಲೇ ಶೇ 25 ಮೀಸಲಾತಿ ಇತ್ತು, 1987ರ ಚುನಾವಣೆಯಲ್ಲಿ ಅದು ಜಾರಿಗೂ ಬಂತು. ಸಂವಿಧಾನದ ತಿದ್ದುಪಡಿ ಆಗಿದ್ದು 1992ರಲ್ಲಿ.

ಬಸ್ಸಿನ ವಿಷಯದಲ್ಲಂತೂ ನಾನು ಇಲ್ಲಿಯವರ ಹೊಟ್ಟೆ ಉರಿಸುತ್ತೇನೆ. 2023ರ ಜೂನ್ 11ರಿಂದ ನಮ್ಮ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ದುದ್ದದ ನಮ್ಮ ಚಿಕ್ಕಮ್ಮ ಮೊದಲು ಹಾಸನಕ್ಕೆ ಬರುತ್ತಿದ್ದದ್ದು ಆಸ್ಪತ್ರೆಗೆ ಇಲ್ಲ ಮದುವೆಗೆ. ಈಗ ವಾರಕ್ಕೆ ಎರಡು ಸಲ ಬರುತ್ತಾರೆ, ಕೈಚೀಲದಲ್ಲಿ ಹುರುಳಿಕಾಳು, ನುಗ್ಗೆಸೊಪ್ಪು, ಮಾರಿ ಹೋಗುತ್ತಾರೆ. ಗಂಡನನ್ನು ಬಸ್ ಚಾರ್ಜು ಕೇಳಬೇಕಿಲ್ಲ ಅನ್ನುವುದೇ ಅವರಿಗೆ ದೊಡ್ಡದು. ಗಂಡಸರು ಕೂರಲು ಜಾಗ ಇಲ್ಲ ಅಂತ ಗೊಣಗುತ್ತಾರೆ, ಗೊಣಗಲಿ ಬಿಡಿ.

ಕೆಲಸದ ಸಂಘ ಅನ್ನುವುದು ನಮಗೆ ಹೊಸದೂ ಅಲ್ಲ. ಹಾಲಿನ ಡೈರಿ ನೋಡಿ. ಹಾಸನ ಹಾಲು ಒಕ್ಕೂಟ ಹಾಸನ, ಚಿಕ್ಕಮಗಳೂರು, ಕೊಡಗು ಮೂರಕ್ಕೂ ಸೇರಿದ್ದು. ಹಳ್ಳಿಗಳಲ್ಲಿ ಹೆಂಗಸರೇ ನಡೆಸುವ ಹಾಲು ಉತ್ಪಾದಕರ ಸಂಘಗಳಿವೆ. ನಮ್ಮ ಅತ್ತೆಯ ಊರಲ್ಲಿ ಬೆಳಿಗ್ಗೆ ಆರಕ್ಕೆ ಕ್ಯಾನಿನ ಮುಂದೆ ನಿಂತು ನೋಡಿದ್ದೇನೆ. ಡೈರಿ ಕಾರ್ಯದರ್ಶಿ ಹೆಂಗಸು, ಸ್ಯಾಂಪಲ್ ತೆಗೆದು, ಫ್ಯಾಟ್ ನೋಡಿ, ಊರಿನ ದೊಡ್ಡ ಗೌಡರಿಗೇ ‘ಇವತ್ತು ನೀರಾಗಿದೆ, ತಗೊಳ್ಳಲ್ಲ’ ಅಂದರು. ಗೌಡರು ಮೀಸೆ ತಿರುವಿಕೊಂಡು ಕ್ಯಾನ್ ಎತ್ತಿಕೊಂಡು ಹೋದರು. ಬಟವಾಡೆ ದಿನ ದುಡ್ಡು ಹೆಂಗಸರ ಖಾತೆಗೆ. ಅಲ್ಲಿ ಯಾರೂ ಸೆರಗು ನೋಡುತ್ತ ಕೂರುವುದಿಲ್ಲ. ಹಾಲು ಕರೆಯುವವರಿಗೆ ಸಾಧ್ಯ ಆಗಿದ್ದು ಹೂವು ಕಟ್ಟುವವರಿಗೆ, ಗಾರ್ಮೆಂಟ್ಸಿಗೆ ಹೋಗುವವರಿಗೆ, ಪಾತ್ರೆ ತೊಳೆಯುವವರಿಗೆ ಯಾಕೆ ಆಗಬಾರದು? ಪೇಟೆಯಲ್ಲಿ ನಮಗೆ ಅದು ತೋಚಿಲ್ಲ, ಅಷ್ಟೇ.

ಹೋದ ಸಲ ಊರಿಗೆ ಹೋದಾಗ ಕಟ್ಟಿನಕೆರೆ ಮಾರುಕಟ್ಟೆ ಕಡೆ ಹೋಗಿದ್ದೆ. ನಮ್ಮ ಮನೆಗೆ ಎಷ್ಟೋ ವರ್ಷದಿಂದ ಹೂವು ಕೊಡುವ ಅಕ್ಕ ಮಾಮೂಲಿ ಜಾಗದಲ್ಲಿ ಇರಲಿಲ್ಲ. ಹುಡುಕಿದರೆ ಒಂದು ಚರಂಡಿ ಕಲ್ಲಿನ ಮೇಲೆ ಮಂಕರಿ ಇಟ್ಟುಕೊಂಡು ಕೂತಿದ್ದರು. ಯಾರೋ ಬಂದು ಎಬ್ಬಿಸಿದರಂತೆ. ಎಲ್ಲಿಗೆ ಹೋಗಬೇಕು ಅಂತ ಹೇಳಲಿಲ್ಲವಂತೆ. ಬೀದಿ ವ್ಯಾಪಾರಿಗಳಿಗಿರುವ ಪಿಎಂ ಸ್ವನಿಧಿ ಯೋಜನೆಯಲ್ಲಿ ಹತ್ತು ಸಾವಿರ ಸಾಲ ತಗೊಂಡು ತೀರಿಸಿದ್ದಾರೆ, ಎರಡನೆಯದು ಇಪ್ಪತ್ತು ಸಾವಿರ ನಡೆಯುತ್ತಿದೆ. ಸಾಲ ಇದೆ, ಜಾಗ ಇಲ್ಲ.

2014ರಲ್ಲೇ ಬೀದಿ ವ್ಯಾಪಾರಿಗಳಿಗೆ ಒಂದು ಕಾಯ್ದೆ ಬಂದಿದೆ ಅಂತ ಹೇಳಿದೆ. ಊರಿನ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು, ಸರ್ವೆ ಮಾಡಿ ವ್ಯಾಪಾರದ ಪ್ರಮಾಣಪತ್ರ ಕೊಡದೆ ಎಬ್ಬಿಸುವ ಹಾಗಿಲ್ಲ ಅಂದೆ. ಅಹಮದಾಬಾದಿನ ಬದನೆಕಾಯಿ ಕತೆಯನ್ನೂ ಹೇಳಿದೆ. ಅವರು ಬಾಳೆನಾರಿಗೆ ಸೇವಂತಿಗೆ ಕಟ್ಟುತ್ತಲೇ ಕೇಳಿಸಿಕೊಂಡರು.

‘ಸಾಲ ಎಷ್ಟು ಕೊಡ್ತಾರಣ್ಣ?’

‘ಸಾಲ ಅಲ್ಲ ಅಕ್ಕ, ಜಾಗ. ನಿಮ್ಮಂಥೋರು ಅಲ್ಲಿ ಕೂತು ಮಾತಾಡೋದು.’

ಕೈ ನಿಂತಿತು. ಅರ್ಧ ಮೊಳದ ಮಾಲೆ ಮಡಿಲಲ್ಲೇ ಬಿತ್ತು. ಆಚೆ ತಿರುಗಿ ಕೂಗಿದರು: ‘ಏ ಸೊಪ್ಪಿನಜ್ಜಿ, ಬಾ ಇಲ್ಲಿ. ಈ ಅಣ್ಣ ಏನೋ ಹೇಳ್ತಾವ್ರೆ.’

ಅಜ್ಜಿ ಸೊಪ್ಪಿಗೆ ನೀರು ಚಿಮುಕಿಸಿ, ಕೈ ಒರೆಸಿಕೊಂಡು ಬಂತು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ‘ಯಾವ ಪಾರ್ಟಿಯೋನಪ್ಪಾ ನೀನು?’ ಅಂತು.

‘ಪಾರ್ಟಿ ಅಲ್ಲ ಕಣಜ್ಜಿ, ಕೂತ್ಕೊ ನೀನು’ ಅಂತ ಹೂವಿನ ಅಕ್ಕ ತನ್ನ ಗೋಣಿಚೀಲ ಸ್ವಲ್ಪ ಆಚೆ ಸರಿಸಿದರು.