ಆಷಾಢದ ಅಗ್ಗದ ಛತ್ರ

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿ ಬಂದದ್ದೇ ತಪ್ಪಾಯಿತು. ಕುಮಾರಕೃಪಾ ರಸ್ತೆ ತುಂಬ ಚಿತ್ರ, ಚಿತ್ರದ ಮುಂದೆಲ್ಲ ಜನ. ಮೈಸೂರಲ್ಲೂ ಹೊಸಬರಿಗೊಂದು ಸಂತೆ ಮಾಡೋಣ, ಇಪ್ಪತ್ತು ಟೇಬಲ್ ಸಾಕು ಅಂತ ವಾಪಸ್ ಬರುವ ರೈಲಿನಲ್ಲೇ ನಾನೂ ಗೆಳತಿಯೂ ತೀರ್ಮಾನ ಮಾಡಿಬಿಟ್ಟೆವು. ಕೈಯಲ್ಲಿ ಮದ್ದೂರು ವಡೆ ಇದ್ದಾಗ ಎಲ್ಲವೂ ಸುಲಭ ಅನಿಸುತ್ತದೆ.

ಛತ್ರದ ಬಾಡಿಗೆ ಕೇಳಿದ ಮೇಲೆ ವಡೆಯ ಧೈರ್ಯ ಇಳಿಯಿತು. ಗೆಳತಿಯೇ ದಾರಿ ಹುಡುಕಿದಳು. "ಆಷಾಢದಲ್ಲಿ ಮಾಡೋಣ ಕಣೇ. ಮದುವೆ ಇರಲ್ಲ, ಅರ್ಧ ರೇಟಿಗೆ ಕೊಡ್ತಾರೆ." ಕೊಟ್ಟರು. ಶುಕ್ರವಾರದಿಂದ ಭಾನುವಾರ, ಮೂರು ದಿನ.

ಆಷಾಢ ಶುಕ್ರವಾರ ಮೈಸೂರಿನವರು ಎಲ್ಲಿರುತ್ತಾರೆ ಅನ್ನೋದು ಇಲ್ಲೇ ಹುಟ್ಟಿ ಬೆಳೆದ ನಮಗೆ ಹೊಳೆಯಲೇ ಇಲ್ಲ ನೋಡಿ! ಊರಿಗೆ ಊರೇ ಚಾಮುಂಡಿ ಬೆಟ್ಟದ ಕ್ಯೂನಲ್ಲಿತ್ತು. ಮಧ್ಯಾಹ್ನದವರೆಗೆ ನಮ್ಮಲ್ಲಿಗೆ ಬಂದವರು ಮೂರೇ ಜನ. ಅದರಲ್ಲಿ ಒಬ್ಬರು ಟಾಯ್ಲೆಟ್ ಎಲ್ಲಿ ಅಂತ ಕೇಳಿಕೊಂಡು ಬಂದವರು. ಸಂಜೆ ಗಾಳಿ ಎದ್ದು, ನಮ್ಮ ಬ್ಯಾನರ್ ಹೋಗಿ ಎದುರಿನ ಎಳನೀರು ಗಾಡಿಗೆ ಸುತ್ತಿಕೊಂಡಿತು. ಅಲ್ಲಿ ಮಾತ್ರ ವ್ಯಾಪಾರ ಚೆನ್ನಾಗಿತ್ತು.

ಶನಿವಾರ ಜನ ಬಂದರು. ಬಂದವರೆಲ್ಲ ಕೇಳಿದ್ದು ಒಂದೇ: "ಆಷಾಢ ಡಿಸ್ಕೌಂಟ್ ಎಷ್ಟು?" ಆಗಷ್ಟೇ ಕಾಲೇಜು ಮುಗಿಸಿದ್ದ ಹುಡುಗಿಯೊಬ್ಬಳು ದೇವರಾಜ ಮಾರುಕಟ್ಟೆಯ ಚಿತ್ರ ಇಟ್ಟಿದ್ದಳು. 4,500 ರೂಪಾಯಿ. ಅದರಲ್ಲಿ ಹೂವಿನ ಸಾಲು, ಬಾಳೆಗೊನೆ, ಗೋಪುರದಂತೆ ಪೇರಿಸಿದ ಕುಂಕುಮ ಎಲ್ಲ ಇತ್ತು. ಒಬ್ಬರು ಬಹಳ ಹೊತ್ತು ನೋಡಿದರು. ಹುಡುಗಿಯ ಮುಖ ಅರಳಿತು.

"ಒಂದು ತಗೊಂಡ್ರೆ ಒಂದು ಫ್ರೀ ಇಲ್ವಾ?"

"ಇನ್ನೊಂದು ಬಿಡಿಸೋಕೆ ಎರಡು ತಿಂಗಳು ಬೇಕು ಆಂಟಿ."

"ಪರವಾಗಿಲ್ಲಮ್ಮ, ನಿಧಾನಕ್ಕೆ ಕೊಡು. ನಂಗೇನೂ ಅವಸರ ಇಲ್ಲ."

ಚನ್ನಪಟ್ಟಣದಿಂದ ಬಂದಿದ್ದ ಗೊಂಬೆ ಮಾಡುವ ಹುಡುಗ ಹಾಲ್‌ನಲ್ಲಿ ಲೇತ್, ಅಂದರೆ ಮರ ಕಡೆಯುವ ಯಂತ್ರ, ಚಾಲೂ ಮಾಡಿದ ಕೂಡಲೇ ಫ್ಯೂಸ್ ಹಾರಿತು. "ಜಾಸ್ತಿ ಲೋಡ್ ತಡೆಯೋದು ಅಡುಗೆಮನೆ ಲೈನ್ ಮಾತ್ರ" ಅಂದರು ಮ್ಯಾನೇಜರ್. ಸರಿ, ರುಬ್ಬುವ ಗ್ರೈಂಡರ್ ಪಕ್ಕ ಲೇತ್ ಹೂಡಿದೆವು. ತಿರುಗುವ ಆಲೆ ಮರಕ್ಕೆ ಅವನು ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕೆಂಪು ಹತ್ತಿಕೊಳ್ಳುತ್ತಿತ್ತು. ಮೇಲೆ ತಾಳೆಗರಿ ಹಿಡಿದನೋ, ಫಳಫಳ! ಕಾಫಿ ಸಿಗುತ್ತೇನೋ ಅಂತ ಇಣುಕಿದವರು ಅಲ್ಲೇ ನಿಂತುಬಿಟ್ಟರು. ಭಾನುವಾರ ಹಾಲ್ ಖಾಲಿ, ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕೊನೆಗೆ ಚಿತ್ರದ ಹುಡುಗಿಯೂ ಸ್ಟ್ಯಾಂಡ್ ಎತ್ತಿಕೊಂಡು ಬಂದು ಇಡ್ಲಿ ಪಾತ್ರೆಗಳ ಮುಂದೆ ನಿಂತಳು. ಅಲ್ಲೇ ಅವಳ ಚಿತ್ರ ಪೂರ್ತಿ ಬೆಲೆಗೆ ಹೋಯಿತು.

ರಾತ್ರಿ ಬಿಲ್ ಬಂತು. ಹಾಲ್ ಅರ್ಧ ರೇಟು, ಮಾತಿಗೆ ತಪ್ಪಲಿಲ್ಲ. ಅಡುಗೆಮನೆ ಪೂರ್ತಿ ರೇಟು. ಜೊತೆಗೆ ಪಾತ್ರೆ ಬಾಡಿಗೆ.

"ಪಾತ್ರೆ ನಾವು ಮುಟ್ಟೇ ಇಲ್ವಲ್ಲ?"

"ಮುಂದೆ ನಿಂತು ವ್ಯಾಪಾರ ಮಾಡಿದ್ರಲ್ಲ ಮೇಡಂ."

ದುಡ್ಡು ಎಣಿಸಿಕೊಂಡ ಮೇಲೆ ಅವರ ದನಿ ಮೆತ್ತಗಾಯಿತು. "ಧನುರ್ಮಾಸದಲ್ಲೂ ಛತ್ರ ಖಾಲಿನೇ ಇರುತ್ತೆ. ರೇಟ್ ಮಾತಾಡೋಣ ಬೇಕಾದ್ರೆ."

ಬೇಡ ಅನ್ನೋಣ ಅಂತ ತಿರುಗಿದರೆ, ಗೆಳತಿ ಆಗಲೇ ಕ್ಯಾಲೆಂಡರ್ ನೋಡುತ್ತಿದ್ದಳು.