ಟೈಲರ್ ಅಕ್ಕನ ಅಳತೆ ಪುಸ್ತಕ

ಹೋದ ವಾರ ಚೂಡಿದಾರ್ ಹೊಲಿಯಲು ಕೊಡೋಕೆ ಹೋಗಿದ್ದೆ. ಟೈಲರ್ ಅಕ್ಕ ಹಳೇ ಅಳತೆ ಪುಸ್ತಕ ತೆಗೆದು ನನ್ನ ಹೆಸರಿನ ಪುಟ ಹುಡುಕಿದರು. ಸೊಂಟಕ್ಕೆ ಟೇಪು ಸುತ್ತಿದರು. ಪುಸ್ತಕ ನೋಡಿದರು. ಮತ್ತೊಂದು ಸಲ ಸುತ್ತಿದರು. "ಹೋದ ವರ್ಷ 36 ಬರ್ಕೊಂಡಿದ್ದೀನಿ, ಈಗ 34 ಬರ್ತಿದೆ. ಹುಷಾರಾಗಿದ್ದೀರಾ ತಾನೇ?" ಎಂದು ಕೇಳಿದರು. ಆಮೇಲೆ ಹಳೇ ಅಂಕಿ ಹೊಡೆದುಹಾಕಿ ಪಕ್ಕದಲ್ಲಿ 34 ಬರೆದರು.

ಅವತ್ತು ಬೆಳಿಗ್ಗೆ ತೂಕದ ಮೆಷಿನ್ ತೋರಿಸಿದ್ದು 67 ಕೆ.ಜಿ. ಹೋದ ವರ್ಷ 68 ಇತ್ತು. ಮೈಸೂರಿನ ಕುಕ್ಕರಹಳ್ಳಿ ಕೆರೆ ಹತ್ತಿರ ವಾರಕ್ಕೆ 4 ದಿನ, 14 ತಿಂಗಳು ಓಡಿದ್ದಕ್ಕೆ ಇಳಿದದ್ದು 1 ಕೆ.ಜಿ.

ನನ್ನ ಜೊತೆಗೇ ಶುರು ಮಾಡಿದ ಗೆಳತಿಯೊಬ್ಬಳು ಮೂರೇ ತಿಂಗಳಿಗೆ ಬಿಟ್ಟುಬಿಟ್ಟಳು. ನನಗಿಂತ ಚೆನ್ನಾಗಿ ಓಡುತ್ತಿದ್ದವಳು. "ತೂಕ ಇಳೀತಾನೇ ಇಲ್ಲ ಕಣೇ, ಸುಮ್ನೆ ಯಾಕೆ ನಿದ್ದೆ ಕೆಡಿಸ್ಕೊಳ್ಳಲಿ" ಅಂದಳು. ಅವಳ ಮನೆಯಲ್ಲೂ ಅದೇ ಮಾತು. "ಇಷ್ಟು ಓಡಿ ಏನು ಕರಗಿಸಿದೆ?" ಅವಳಿಗೆ ಮಂಡಿ ನೋವಿರಲಿಲ್ಲ, ಸೋಮಾರಿತನವೂ ಇರಲಿಲ್ಲ. ಮೆಷಿನ್ ತೋರಿಸಿದ ಅಂಕಿ ನೋಡಿಯೇ ಅವಳು ಸೋತಳು. ಇದು ನನಗೆ ಇವತ್ತಿಗೂ ಬೇಜಾರು.

ಯಾಕೆಂದರೆ ಲೆಕ್ಕವನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಓಡುವಾಗ ಒಂದು ಕಿಲೋಮೀಟರಿಗೆ, ದೇಹದ ಪ್ರತಿ ಕೆ.ಜಿ. ತೂಕಕ್ಕೆ, ಸುಮಾರು 1 ಕ್ಯಾಲೊರಿ ಖರ್ಚಾಗುತ್ತದೆ. 68 ಕೆ.ಜಿ.ಯ ನಾನು 5 ಕಿ.ಮೀ. ಓಡಿದರೆ 340 ಆಯಿತು. ಒಂದು ಕೆ.ಜಿ. ಕೊಬ್ಬಿನಲ್ಲಿರುವುದು ಸುಮಾರು 7,700. ಅಂದರೆ ಊಟ ಒಂದು ತುತ್ತೂ ಹೆಚ್ಚಾಗದೆ 23 ದಿನ ಓಡಿದರೆ ಒಂದು ಕೆ.ಜಿ. ಆದರೆ ಓಡಿ ಬಂದವರಿಗೆ ಹಸಿವು ಜಾಸ್ತಿ. ಕೆರೆಯಿಂದ ವಾಪಸ್ ಬರುವಾಗ ಒಂದು ಮಸಾಲೆ ದೋಸೆ, ಒಂದು ಕಾಫಿ ಆದರೆ ಅವತ್ತಿನ ಲೆಕ್ಕ ಅಲ್ಲಿಗೇ ಚುಕ್ತಾ.

ದೇಹವೂ ಜಾಣ. ತಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹಡ್ಜಾ ಜನರ ದಿನದ ಕ್ಯಾಲೊರಿ ಖರ್ಚನ್ನು ವಿಜ್ಞಾನಿ ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು ಅಳೆದು 2012ರಲ್ಲಿ ಪ್ರಕಟಿಸಿದರು. ದೇಹದ ಗಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ಅಷ್ಟೆಲ್ಲ ನಡೆಯುವ ಅವರದ್ದೂ ಅಮೆರಿಕದ ಪಟ್ಟಣದವರದ್ದೂ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಖರ್ಚು ಹೆಚ್ಚಾದರೆ ದೇಹ ಇನ್ನೊಂದು ಕಡೆ ಖರ್ಚು ಕಮ್ಮಿ ಮಾಡುತ್ತದೆ ಎನ್ನುವುದು ಪಾಂಟ್ಜರ್ ವಾದ.

ಶುರುವಿನ ವಾರಗಳಲ್ಲಂತೂ ತೂಕ ಸ್ವಲ್ಪ ಏರಲೂಬಹುದು. ಓಡುವ ಕಾಲುಗಳು ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಮೊದಲಿಗಿಂತ ಜಾಸ್ತಿ ಕೂಡಿಡುತ್ತವೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಉಳಿಯುತ್ತದೆ. ರಕ್ತದಲ್ಲಿನ ನೀರಿನಂಶವೂ ಹೆಚ್ಚುತ್ತದೆ. ಇದೆಲ್ಲ ಓಟ ಮೈಗೆ ಹಿಡಿಯುತ್ತಿರುವುದರ ಗುರುತು. ಮೆಷಿನ್‌ಗೆ ಇದು ನೀರೋ ಕೊಬ್ಬೋ ಅಂತ ಗೊತ್ತಾಗಲ್ಲ, ಅಲ್ವಾ?

ಇನ್ನೊಂದು ವಿಷಯ ನಮ್ಮ ಜನಕ್ಕೆ ಗೊತ್ತಿರಲೇಬೇಕು. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಅಕ್ಕಪಕ್ಕ ನಿಂತ ಫೋಟೋ ಬಂತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಒಂದೇ: 22.3. ಸ್ಕ್ಯಾನ್ ಮಾಡಿ ನೋಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡ, ಯಾಜ್ಞಿಕ್ ಅವರದ್ದು 21.2. ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕ್ ಅವರ ಮುಖ್ಯ ವ್ಯಾಯಾಮ ಬೆಳಿಗ್ಗೆ ಆಸ್ಪತ್ರೆ ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಓಡಿಹೋಗಿ ಹತ್ತುವುದು ಎಂದು ಅವರೇ ಬರೆದಿದ್ದರು. ಓಟವೊಂದೇ ಕಾರಣ ಅಂತ ಅವರು ಹೇಳಲಿಲ್ಲ. ತಾವು ಹುಟ್ಟಿದಾಗ ತೂಕ ಕಡಿಮೆ ಇತ್ತು, ಅದೂ ಕಾರಣವಿರಬಹುದು ಎಂದರು. ನಮ್ಮಲ್ಲಿ ಎಷ್ಟೋ ಜನ ಹಾಗೇ: ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಅದಕ್ಕೇ ಭಾರತೀಯರಿಗೆ ಸೊಂಟದ ಮಿತಿಯೇ ಬೇರೆ ಇಟ್ಟಿದ್ದಾರೆ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90.

ಓಟ ಕೆಲಸ ಮಾಡುವುದು ಇಲ್ಲೇ. ಕರುಳಿನ ಸುತ್ತ, ಲಿವರಿನ ಒಳಗೆ ಸೇರಿಕೊಂಡಿರುವ ಕೊಬ್ಬು ಸಕ್ಕರೆ ಕಾಯಿಲೆಗೆ, ಹೃದಯದ ತೊಂದರೆಗೆ ದಾರಿ ಮಾಡುತ್ತದೆ. ತೂಕ ಅಷ್ಟೇನೂ ಇಳಿಯದಿದ್ದರೂ ದಿನಾ ಓಡುವ, ಬಿರುಸಾಗಿ ನಡೆಯುವವರಲ್ಲಿ ಈ ಕೊಬ್ಬು ಕಮ್ಮಿಯಾಗುತ್ತದೆ. ನನ್ನ 2 ಇಂಚಿನಲ್ಲಿ ಅದೂ ಸೇರಿದೆ ಅಂತ ನಾನು ನಂಬಿದ್ದೇನೆ. ಮೊದಲು ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನಂದಿ ಹತ್ತಿರ ಹೋಗುವಷ್ಟರಲ್ಲಿ ನಾಲ್ಕು ಸಲ ಕೂರುತ್ತಿದ್ದೆ. ಈಗ ಮಾತಾಡುತ್ತಲೇ ಹತ್ತುತ್ತೇನೆ.

ಆದರೆ ಬರೀ ಓಟ ಸಾಲದು. ಇದು ನಾನು ತಡವಾಗಿ ಕಲಿತದ್ದು. ಮೊದಲ ಆರು ತಿಂಗಳು ಬೇಗ ಇಳಿಯಲಿ ಅಂತ ರಾತ್ರಿ ಊಟ ಬಿಟ್ಟು ಓಡಿದೆ. ಮುಖ ಬಾಡಿತು. ನೀರಿನ ಕ್ಯಾನ್ ಎತ್ತೋಕೆ ಮಗನನ್ನು ಕರೆಯಬೇಕಾಯಿತು. ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕಳೆದುಕೊಂಡಿದ್ದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನ, ಬರೀ ಓಟ ಯಾಕೆ ಸಾಲದು ಅಂತ ಚೆನ್ನಾಗಿ ತೋರಿಸಿದೆ. ಓಟ-ನಡಿಗೆ ಮಾಡಿದವರ ಕೊಬ್ಬೂ ತೂಕವೂ ಇಳಿದವು. ಭಾರ ಎತ್ತಿದವರ ಮಾಂಸಖಂಡ ಬೆಳೆಯಿತು. ಎರಡನ್ನೂ ಮಾಡಿದವರಿಗೆ ಎರಡೂ ಸಿಕ್ಕಿತು, ಸಮಯ ಮಾತ್ರ ಜಾಸ್ತಿ ಬೇಕಾಯಿತು.

ಈಗ ವಾರಕ್ಕೆ 2 ದಿನ ಮನೆಯಲ್ಲೇ ಬಸ್ಕಿ, ಗೋಡೆಗೆ ಕೈಯೂರಿ ದಂಡ, ಎರಡು ನೀರಿನ ಬಾಟಲಿ ಎತ್ತುವುದು. ತಟ್ಟೆಯಲ್ಲಿ ಅನ್ನ ಒಂದು ಸೌಟು ಕಮ್ಮಿ, ಹುರುಳಿಕಾಳು ಉಪ್ಸಾರು ಒಂದು ಸೌಟು ಜಾಸ್ತಿ, ಒಂದು ಮೊಟ್ಟೆ. ರಾತ್ರಿ ಊಟ ಬಿಡುವುದಿಲ್ಲ. ಕ್ಯಾನ್ ನಾನೇ ಎತ್ತುತ್ತೇನೆ.

ತೂಕ ನಿಜವಾಗಿಯೂ ಜಾಸ್ತಿ ಇಳಿಸಬೇಕಾದವರು ಊಟದ ಕಡೆಯೇ ಮೊದಲು ನೋಡಬೇಕು, ಅದರಲ್ಲಿ ಮಾತಿಲ್ಲ. ಆದರೆ ತೂಕ ಇಳಿದಿಲ್ಲ ಅಂತ ಓಟ ಬಿಡುವುದು ಬೇಡ.

ನನ್ನ ಗೆಳತಿ ಇದನ್ನು ಓದುತ್ತಾಳೆ ಅಂತ ಗೊತ್ತು. ನೋಡು ಕಣೇ, ಮೆಷಿನ್ ಅಟ್ಟಕ್ಕೆ ಹಾಕು. ಹೊಲಿಗೆ ಡಬ್ಬಿಯಲ್ಲಿ ಟೇಪು ಇರುತ್ತದಲ್ಲ, ಹೊಕ್ಕುಳಿನ ಮಟ್ಟಕ್ಕೆ ಹಿಡಿದು ಅಳೆದುಕೊಂಡು ಕ್ಯಾಲೆಂಡರ್ ಹಿಂದೆ ಬರೆದಿಡು. ಸೋಮವಾರ ಬೆಳಿಗ್ಗೆ 5:45ಕ್ಕೆ ಕೆರೆ ಗೇಟಿನ ಹತ್ತಿರ ಇರುತ್ತೇನೆ. ನಿಧಾನವಾಗೇ ಓಡೋಣ.